ಸ್ನಾಯು ಕಾಂಡಕೋಶಗಳ ಚಯಾಪಚಯ: ಸಂಶೋಧನೆಯ ಇತಿಹಾಸ

ಸ್ನಾಯುವಿನ ಎಳೆಗೂ ಅದರ ಹೊರಪೊರೆಗೂ ನಡುವೆ ಸುಪ್ತವಾಗಿದ್ದು, ಪೆಟ್ಟಾದಾಗ ಎಚ್ಚೆತ್ತು ಹೊಸ ಎಳೆ ಕಟ್ಟುವ ಕೋಶಗಳು ಸ್ನಾಯು ಕಾಂಡಕೋಶಗಳು. 1961ರಲ್ಲಿ ಅಲೆಕ್ಸಾಂಡರ್ ಮೌರೋ ಇವನ್ನು ಕಪ್ಪೆಯ ಸ್ನಾಯುವಿನಲ್ಲಿ ಕಂಡು ‘ಸ್ಯಾಟಲೈಟ್ ಕೋಶ’ ಎಂದರು. ಇವಿಲ್ಲದೆಯೂ ದುರಸ್ತಿ ಸಾಧ್ಯವೇ ಎಂಬ ಚರ್ಚೆಗೆ 2011ರಲ್ಲಿ ತೆರೆ ಬಿತ್ತು: ಪ್ಯಾಕ್ಸ್7 ಪ್ರೋಟೀನಿನಿಂದ ಗುರುತಿಸಲಾಗುವ ಈ ಕೋಶಗಳನ್ನು ಕಳೆದುಕೊಂಡ ಇಲಿಗಳಲ್ಲಿ ಸ್ನಾಯು ಮತ್ತೆ ಬೆಳೆಯಲಿಲ್ಲ. ಇದನ್ನು ತೋರಿಸಿದ ಪ್ರಬಂಧಗಳಲ್ಲೊಂದರ ಮೊದಲ ಲೇಖಕ ರಾಮ್‌ಕುಮಾರ್ ಸಾಂಬಶಿವನ್ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದರು.

ಗೊಂದಲವಿರುವುದು ಚಯಾಪಚಯದ ಅಧ್ಯಾಯದಲ್ಲಿ. 2015ರಲ್ಲಿ ರೈಯಲ್, ಸಾರ್ಟೊರೆಲಿ ಮತ್ತು ಸಂಗಡಿಗರು ಮಂಡಿಸಿದ ವಿವರಣೆ ಇದು: ಸುಪ್ತ ಕೋಶ ಮುಖ್ಯವಾಗಿ ಕೊಬ್ಬಿನಾಮ್ಲ ಉರಿಸುತ್ತದೆ, ಎಚ್ಚೆತ್ತಾಗ ಗ್ಲೂಕೋಸ್‌ನತ್ತ ಹೊರಳುತ್ತದೆ. ಆಗ ಎನ್‌ಎಡಿ+ ಕುಗ್ಗಿ, ಅದನ್ನವಲಂಬಿಸಿ ಅಸಿಟೈಲ್ ಗುಂಪುಗಳನ್ನು ಕಳಚುವ ಸರ್ಟ್1 ಕಿಣ್ವದ ಚಟುವಟಿಕೆ ತಗ್ಗಿ, ಹಿಸ್ಟೋನ್‌ಗಳ ಮೇಲೆ ಅಸಿಟೈಲ್ ಗುಂಪುಗಳು ಉಳಿದು, ಸ್ನಾಯು ಜೀನ್‌ಗಳು ತೆರೆದುಕೊಳ್ಳುತ್ತವೆ. ಅಂದರೆ ಇಂಧನದ ಆಯ್ಕೆಯೇ ಕೋಶದ ಹಣೆಬರಹವನ್ನು ತಿದ್ದುತ್ತದೆ. ಆದರೆ 2014ರಲ್ಲೇ ರ‍್ಯಾಂಡೊ ತಂಡ, ಪೆಟ್ಟಾದ ಜಾಗದಿಂದ ದೂರವಿದ್ದ ಕೋಶಗಳೂ ಅರೆ ಎಚ್ಚರಕ್ಕೆ ಬರುವುದನ್ನೂ ಆಗ ಅವುಗಳಲ್ಲಿ ಉಸಿರಾಟ ನಡೆಸುವ ಮೈಟೊಕಾಂಡ್ರಿಯಾ ಚಟುವಟಿಕೆ ಹೆಚ್ಚುವುದನ್ನೂ ತೋರಿಸಿತ್ತು. ಹೀಗಾಗಿ ‘ಉಸಿರಾಟದಿಂದ ಗ್ಲೂಕೋಸ್‌ಗೆ’ ಎಂಬ ಸರಳ ಸೂತ್ರ ನಿಲ್ಲುವುದಿಲ್ಲ. ಉಸಿರಾಟ, ಗ್ಲೂಕೋಸ್ ಬಳಕೆ ಎರಡೂ ಏರುತ್ತವೆ ಎನ್ನುವುದೇ ಸರಿ. 2017ರಲ್ಲಿ ಇನ್ನೂ ಗಂಭೀರ ತೊಡಕು ಬಯಲಾಯಿತು. ಸ್ನಾಯುವಿನಿಂದ ಬಿಡಿಸಿ ತೆಗೆಯುವ ಕೆಲವೇ ಗಂಟೆಗಳಲ್ಲಿ ಕೋಶಗಳು ಎಚ್ಚೆತ್ತುಬಿಡುತ್ತವೆ. ಹಾಗಾಗಿ ‘ಸುಪ್ತ’ವೆಂದು ಅಳೆದ ಹಳೆಯ ಅಂಕಿಗಳನ್ನು ಎಚ್ಚರಿಕೆಯಿಂದಲೇ ಓದಬೇಕು.

ಕರ್ನಾಟಕದ ಕೊಡುಗೆ ಇನ್‌ಸ್ಟೆಮ್ ಮತ್ತು ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಗಳಿರುವ ಬೆಂಗಳೂರಿನ ಜಿಕೆವಿಕೆ ಆವರಣದಿಂದ ಬಂದಿದೆ. ಕೋಶಗಳ ಸುಪ್ತಾವಸ್ಥೆಯನ್ನು ಹೈದರಾಬಾದಿನ ಸಿಸಿಎಂಬಿಯಲ್ಲಿ ಅಧ್ಯಯನ ಮಾಡಿದ ಜ್ಯೋತ್ಸ್ನಾ ಧವನ್ ಇನ್‌ಸ್ಟೆಮ್‌ನ ಆರಂಭದ ವರ್ಷಗಳಲ್ಲಿ ಡೀನ್ ಆಗಿದ್ದರು. ವಯಸ್ಕ ಹಣ್ಣುನೊಣದಲ್ಲಿ ಇಂಥ ಕೋಶಗಳಿಲ್ಲವೆಂಬ ನಂಬಿಕೆಯನ್ನು ಎನ್‌ಸಿಬಿಎಸ್‌ನ ಧನಂಜಯ ಚತುರ್ವೇದಿ, ಕೆ. ವಿಜಯರಾಘವನ್ ಮೊದಲಾದವರು 2017ರಲ್ಲಿ ಅಳಿಸಿದರು. ಇನ್‌ಸ್ಟೆಮ್‌ನ ಅರವಿಂದ್ ರಾಮನಾಥನ್ ತಂಡ 2024ರಲ್ಲಿ ಪ್ರಕಟಿಸಿದ ಕೆಲಸ ಚಯಾಪಚಯಕ್ಕೆ ನೇರವಾಗಿ ಸಂಬಂಧಿಸಿದ್ದು: ಕ್ಯಾನ್ಸರ್ ಔಷಧ ಡಾಕ್ಸೊರೂಬಿಸಿನ್‌ನಿಂದ ಮುಪ್ಪಾದ ಕೋಶಗಳು ಸ್ರವಿಸುವ ಒಂದು ಪ್ರೊಸ್ಟಗ್ಲಾಂಡಿನ್ ಲಿಪಿಡ್, ನೆರೆಯ ಎಳೆಯ ಸ್ನಾಯುಕೋಶಗಳ ಎಚ್‌ರಾಸ್ ಪ್ರೋಟೀನಿಗೆ ಅಂಟಿಕೊಂಡು ಅವು ಬಲಿಯದಂತೆ ತಡೆಯುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ಇಲಿಗೂ ಮನುಷ್ಯನಿಗೂ ಅಂತರ ದೊಡ್ಡದು. ನಿಕೊಟಿನಮೈಡ್ ರೈಬೊಸೈಡ್ ಕೊಟ್ಟು ಎನ್‌ಎಡಿ+ ಹೆಚ್ಚಿಸಿದಾಗ ಮುದಿ ಇಲಿಗಳ ಕಾಂಡಕೋಶಗಳು ಚೇತರಿಸಿಕೊಂಡವೆಂದು 2016ರಲ್ಲಿ ವರದಿಯಾಯಿತು. ಅದನ್ನೇ ಟೆರೊಸ್ಟಿಲ್ಬೀನ್ ಎಂಬ ಸಂಯುಕ್ತದ ಜೊತೆ ಹಿರಿಯರಿಗೆ ಕೊಟ್ಟು ಡೆನ್ಮಾರ್ಕಿನಲ್ಲಿ ನಡೆಸಿದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ನಾಯುವಿನ ದುರಸ್ತಿ ಸುಧಾರಿಸಲಿಲ್ಲ.