ಹಳದಿಯಿಂದ ಗುಲಾಬಿಗೆ: ಈಜುನೀರಿನ ಪರೀಕ್ಷೆ ನಡೆದುಬಂದ ದಾರಿ

ಈಜುಕೊಳದ ಹತ್ತಿರ ಮೂಗಿಗೆ ಘಾಟು ಬಡಿದರೆ ‘ಕ್ಲೋರಿನ್ ಭಾಳ ಹಾಕ್ಯಾರ’ ಎನ್ನುವುದು ಚಿಕ್ಕೋಡಿ, ನಿಪ್ಪಾಣಿ ಕಡೆಯ ಮಾತು. ಹಾಗಲ್ಲ. ಬೆವರು, ಮೂತ್ರದಲ್ಲಿರುವ ಅಮೋನಿಯಾದಂಥವು ಕ್ಲೋರಿನ್ ಜತೆ ಕೂಡಿ ಕ್ಲೋರಮೈನ್ ಆದಾಗ ಆ ಘಾಟು ಏಳುತ್ತದೆ; ಕಣ್ಣು ಕೆಂಪಾಗುವುದೂ ಹೆಚ್ಚಾಗಿ ಅದರಿಂದಲೇ. ಬಹಳ ಸಲ ಅಲ್ಲಿ ಕ್ಲೋರಿನ್ ಸಾಲದಾಗಿರುತ್ತದೆ.

ಕೊಳಕ್ಕಿಂತ ಮೊದಲು ಊರ ನೀರಿನ ಕಥೆ ನೋಡೋಣ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ವಿಷಮಶೀತಜ್ವರ ಹಬ್ಬಿದಾಗ ಹೌಸ್ಟನ್ ಎಂಬ ವೈದ್ಯರು ಊರ ನೀರಿಗೆ ಕ್ಲೋರಿನ್ ಕೊಟ್ಟರು. 1909ರಲ್ಲಿ ಕೋಪನ್‌ಹೇಗನ್ನಿನ ಸೋರೆನ್‌ಸೆನ್ ಆಮ್ಲ-ಕ್ಷಾರ ತಿಳಿಸುವ ಪಿಎಚ್ ಅಳತೆ ರೂಪಿಸಿದರು. ನಾಲ್ಕೇ ವರ್ಷದ ಅಂತರ. ನಮ್ಮ ಹಳ್ಳಿಗಳಿಗೆ ಬಂದದ್ದು ಮಾತ್ರ ಮೊದಲನೆಯದು.

ನಮ್ಮ ತಲೆಮಾರಿನ ಕೈಗೆ ಸಿಕ್ಕಿದ್ದು ಹಾರಕ್ಸ್ ಪೆಟ್ಟಿಗೆ: ಆರು ಬಿಳಿ ಬಟ್ಟಲು, ಒಂದು ಕರಿ ಬಟ್ಟಲು. ಕರಿ ಬಟ್ಟಲಿನಲ್ಲಿ 2 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಬಾವಿ ನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಒಂದು, ಎರಡು, ಮೂರು ಹೀಗೆ ಹನಿ ಏರಿಸುತ್ತ ಹಾಕಿ, ಅರ್ಧ ತಾಸು ಬಿಟ್ಟು ಗಂಜಿ-ಅಯೋಡೈಡ್ ಬೆರೆಸಬೇಕು. ಮೂರನೆಯ ಬಟ್ಟಲು ಮೊದಲು ನೀಲಿಯಾದರೆ 455 ಲೀಟರಿಗೆ 6 ಗ್ರಾಂ ಪುಡಿ ಬೇಕು. ಇದರ ದೊಡ್ಡ ಗುಣವೆಂದರೆ ನೀರಿನ ಜತೆ ಪುಡಿಯೂ ಪರೀಕ್ಷೆಗೆ ಒಳಗಾಗುತ್ತದೆ. ತೇವ ಹಿಡಿದ ಚೀಲದ ಪುಡಿ ಸತ್ವ ಕಳೆದುಕೊಂಡಿರುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದಂಥ ಮಳೆಗಾಲದಲ್ಲಿ ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಬೇರೆ ಇಲ್ಲ. ಅದನ್ನು ಹಳೆಯದೆಂದು ಮೂಲೆಗೆ ಸರಿಸಿದ್ದು ನಷ್ಟವೇ.

ಆಮೇಲೆ ‘ಓಟಿ’, ಅಂದರೆ ಆರ್ಥೋಟಾಲಿಡಿನ್. ಹನಿ ಬಿದ್ದೊಡನೆ ಹಳದಿ. ಹತ್ತು ಸೆಕೆಂಡಿನೊಳಗೆ ಓದಿದರೆ ಮುಕ್ತ ಕ್ಲೋರಿನ್ ಗೊತ್ತಾಗುತ್ತದೆ. ತಡಮಾಡಿದರೆ ಕ್ಲೋರಮೈನೂ ಲೆಕ್ಕಕ್ಕೆ ಸೇರುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ತಡವಾಗಿ ಓದಿಯೇ ನೀರು ಚೆನ್ನಾಗಿದೆ ಎಂದು ಬರೆದಿದ್ದೇವೆ. ಆ ರಾಸಾಯನಿಕ ಕ್ಯಾನ್ಸರಕಾರಕವೆಂಬ ಶಂಕೆಯೂ ಬಂತು. ರಸಾಯನಜ್ಞ ಪ್ಯಾಲಿನ್ 1957ರಲ್ಲಿ ಪ್ರಕಟಿಸಿದ ಡಿಪಿಡಿ ವಿಧಾನ ಗುಲಾಬಿ ಬಣ್ಣದಿಂದ ಮುಕ್ತ ಕ್ಲೋರಿನ್, ಕ್ಲೋರಮೈನ್ ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಆದರೆ ಕ್ಲೋರಿನ್ ತೀರ ಹೆಚ್ಚಾದರೆ ಆ ಗುಲಾಬಿಯೇ ಬಿಳಿಚಿಕೊಂಡು ಸೊನ್ನೆಯಂತೆ ಕಾಣುತ್ತದೆ. ಅದನ್ನು ನಂಬಿ ಇನ್ನಷ್ಟು ಪುಡಿ ಸುರಿಯುವುದು ಅಪಾಯ. ಅದೇ ನೀರಿಗೆ ಶುದ್ಧ ನೀರು ಬೆರೆಸಿ ಮತ್ತೊಮ್ಮೆ ನೋಡಬೇಕು.

ಇಷ್ಟೆಲ್ಲ ಬೆಳೆದರೂ ಡಿಪಿಡಿ ಹೇಳದ ಒಂದು ಸಂಗತಿ ಉಂಟು. ಮುಕ್ತ ಕ್ಲೋರಿನ್ನಿನಲ್ಲಿ ರೋಗಾಣುಗಳನ್ನು ಚುರುಕಾಗಿ ಕೊಲ್ಲುವುದು ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಅದು ಸುಮಾರು ಅರ್ಧ, 8.5ರಲ್ಲಿ ಹತ್ತರಲ್ಲಿ ಒಂದು ಪಾಲು. ಆಗ ಗುಲಾಬಿ ಬಣ್ಣ 2 ಪಿಪಿಎಂ ಎಂದರೂ ದುಡಿಯುವುದು 0.2 ಅಷ್ಟೇ. ಕುಡಿಯುವ ನೀರಿಗೆ ನಮ್ಮ ಐಎಸ್ 10500 ಮಾನದಂಡ ಪಿಎಚ್ 8.5ರವರೆಗೆ ಒಪ್ಪುತ್ತದೆ, ಕ್ಲೋರಿನ್ ಬಳಸುವ ಈಜುಕೊಳಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದ್ದು 7.2ರಿಂದ 7.8. ರಾಯಬಾಗ, ಅಥಣಿ, ಕಾಗವಾಡದ ಎರೆಭೂಮಿಯ ಗಡಸು ನೀರನ್ನು ಕೊಳಕ್ಕೆ ತುಂಬಿ ದಿನವೂ ಬ್ಲೀಚಿಂಗ್ ಪೌಡರ್ ಹಾಕುತ್ತ ಹೋದರೆ ಪಿಎಚ್ ಏರುತ್ತಲೇ ಇರುತ್ತದೆ, ಆ ಪುಡಿಯೂ ಕ್ಷಾರವೇ.

ನಾನು ನೋಡಿದ ಕೊಳದ ರಿಜಿಸ್ಟರುಗಳಲ್ಲಿ ಕ್ಲೋರಿನ್ನಿಗೆ ಒಂದು ಅಂಕಣವಿತ್ತು, ಪಿಎಚ್‌ಗೆ ಇರಲಿಲ್ಲ. ಬರೆದದ್ದೆಲ್ಲ ಬೆಳಗಿನ ಲೆಕ್ಕ. ಏಪ್ರಿಲ್ ಬಿಸಿಲು ಕ್ಲೋರಿನ್ನನ್ನು ತಿಂದುಹಾಕಿದ ಮೇಲೆ, ಸೂಟಿಯ ಮಕ್ಕಳು ಕೊಳ ತುಂಬುವ ನಾಲ್ಕು ಗಂಟೆಯ ಹೊತ್ತಿಗೆ ಒಂದು ಸಾಲೂ ಇರಲಿಲ್ಲ.