ಇ.ಎಂ.ಜಿ. ಪರೀಕ್ಷೆ: ಮೋಟಾರ್ ನ್ಯೂರಾನ್ ಕಾಯಿಲೆಯ ಪತ್ತೆಯಲ್ಲಿ ಅದರ ಪಾತ್ರ

ಸ್ನಾಯುಗಳಿಗೆ ಚಲನೆಯ ಆಜ್ಞೆಯನ್ನು ಒಯ್ಯುವ ಮಿದುಳು ಮತ್ತು ಬೆನ್ನುಹುರಿಯ ನರಕೋಶಗಳು ಕ್ರಮೇಣ ನಶಿಸುವ ರೋಗವೇ ಮೋಟಾರ್ ನ್ಯೂರಾನ್ ಕಾಯಿಲೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ ಪತ್ತೆಯಾದುದು ಇದೇ. ಯಾವುದೇ ಒಂದು ಪರೀಕ್ಷೆ ಇದನ್ನು ನಿರ್ಧರಿಸಲಾರದು. ನರರೋಗ ತಜ್ಞರ ತಪಾಸಣೆಗೆ ಬೆಂಬಲವಾಗಿ ನಿಲ್ಲುವುದು ಇ.ಎಂ.ಜಿ., ಅಂದರೆ ಸ್ನಾಯುಗಳ ವಿದ್ಯುತ್ ಪರೀಕ್ಷೆ.

ಮೊದಲ ಭಾಗ: ನರಗಳ ಪರೀಕ್ಷೆ
ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಆಘಾತ ನೀಡಿ, ನರವು ಸಂದೇಶವನ್ನು ಒಯ್ಯುವ ವೇಗವನ್ನು ಅಳೆಯುತ್ತಾರೆ. ಈ ಕಾಯಿಲೆಯಲ್ಲಿ ಸ್ಪರ್ಶದ ನರಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಚಲನೆಯ ನರದ ನಡುವೆ ಸಂದೇಶಕ್ಕೆ ತಡೆ ಕಂಡುಬಂದರೆ, ಅದು ಚಿಕಿತ್ಸೆಗೆ ಒಗ್ಗುವ ಬೇರೊಂದು ನರರೋಗವಾಗಿರಬಹುದು.

ಎರಡನೆಯ ಭಾಗ: ಸೂಜಿ ಪರೀಕ್ಷೆ
ತೆಳುವಾದ ಸೂಜಿಯನ್ನು ಸ್ನಾಯುವಿನೊಳಗೆ ಇಟ್ಟು ಅಲ್ಲಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುತ್ತಾರೆ. ಆರೋಗ್ಯವಂತ ಸ್ನಾಯು ವಿಶ್ರಾಂತಿಯಲ್ಲಿ ಮೌನವಾಗಿರುತ್ತದೆ. ನರದ ಆಸರೆ ತಪ್ಪಿದ ಸ್ನಾಯುತಂತುಗಳು ತಾವಾಗಿಯೇ ಮಿಡಿಯುತ್ತವೆ. ಉಳಿದ ನರಕೋಶಗಳು ಅಂತಹ ತಂತುಗಳ ಹೊಣೆಯನ್ನೂ ಹೊರುವುದರಿಂದ, ಸ್ನಾಯುವನ್ನು ಬಿಗಿ ಮಾಡಿದಾಗ ಕಾಣುವ ಅಲೆಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಕತ್ತಿನ ಮೂಳೆ ಸವೆದು ನರ ಒತ್ತಿದರೂ ಕೈಯಲ್ಲಿ ಇಂತಹುದೇ ಚಿಹ್ನೆಗಳು ಮೂಡಬಹುದು. ಆದುದರಿಂದ ಮುಖ ಅಥವಾ ನಾಲಿಗೆ, ಕೈ, ಬೆನ್ನು, ಕಾಲು ಹೀಗೆ ಹಲವೆಡೆ ಪರೀಕ್ಷಿಸುತ್ತಾರೆ, ಎಂ.ಆರ್.ಐ. ಕೂಡ ಮಾಡಿಸುತ್ತಾರೆ. ರೋಗದ ಆರಂಭದಲ್ಲಿ ಫಲಿತಾಂಶ ಸ್ಪಷ್ಟವಾಗದಿದ್ದರೆ ಕೆಲವು ತಿಂಗಳ ಬಳಿಕ ಪರೀಕ್ಷೆಯನ್ನು ಪುನಃ ಮಾಡುವುದುಂಟು.

ಎಳೆಯರಲ್ಲಿ
ಹದಿಹರೆಯದವರ ಒಂದು ಕೈ ಸೊರಗಿದೊಡನೆ ಎದೆಗುಂದಬೇಕಾಗಿಲ್ಲ. ಹಿರಾಯಾಮ ಕಾಯಿಲೆಯಲ್ಲಿ ಕೈಯ ಸ್ನಾಯುಗಳು ಕೆಲವು ವರ್ಷ ಕ್ಷೀಣಿಸಿ ಬಳಿಕ ಬಹುತೇಕ ಸ್ಥಿರಗೊಳ್ಳುತ್ತವೆ. ದಕ್ಷಿಣ ಭಾರತದ ಎಳೆಯರಲ್ಲಿ ಗುರುತಿಸಲಾದ, 1970ರಲ್ಲಿ ವರದಿಯಾದ ‘ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ’ಯಲ್ಲಿ ಕಿವುಡುತನವೂ ಕಾಣಿಸಿಕೊಳ್ಳಬಹುದು, ಅದು ನಿಧಾನವಾಗಿ ಸಾಗುವಂತಹುದು.

ಭಾಷೆಯ ಮಾತು
‘ಸಡಿಲ ಬಿಡಿ’, ‘ಬಿಗಿ ಮಾಡಿ’ ಎಂಬ ಸೂಚನೆಗಳ ಮೇಲೆಯೇ ಈ ಪರೀಕ್ಷೆ ನಡೆಯುತ್ತದೆ. ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನ ಸೂಚನೆ ಅರ್ಥವಾಗದೆ ಸ್ನಾಯು ಸಡಿಲವಾಗದಿದ್ದರೆ ವಿಶ್ರಾಂತಿಯ ದಾಖಲೆಯೇ ಕೆಡುತ್ತದೆ. ಆದುದರಿಂದ ಎರಡೂ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಸೂಚನೆಗಳನ್ನು ಕನ್ನಡದಲ್ಲಿ ಹೇಳಿಸಿರಿ ಎಂದು ನಾವು ಒತ್ತಿ ಹೇಳುತ್ತೇವೆ. ಇದು ಸೌಲಭ್ಯದ ಮಾತಷ್ಟೇ ಅಲ್ಲ, ಸರಿಯಾದ ಫಲಿತಾಂಶದ ಮಾತು.

ಸಿದ್ಧತೆ
ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಅಂದು ಮೈಗೆ ಎಣ್ಣೆ, ಕ್ರೀಮ್ ಹಚ್ಚಬಾರದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಅಥವಾ ಪೇಸ್‌ಮೇಕರ್ ಇದ್ದರೆ ಮುಂಚಿತವಾಗಿ ತಿಳಿಸಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಸೂಜಿ ಚುಚ್ಚಿದಾಗ ನೋವಾಗುತ್ತದೆ. ಉಳಿದ ನೋವು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಶಮನವಾಗುತ್ತದೆ. ವರದಿಯ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿ ಇರಿಸಿಕೊಳ್ಳಿರಿ. ಮುಂದಿನ ಪರೀಕ್ಷೆಯೊಡನೆ ಹೋಲಿಸಲು ಅದು ಬೇಕಾಗುತ್ತದೆ.