ಜಮ್ಮ ಅಂದ್ರೆ ಹುಟ್ಟು: ಕಕ್ಕಬೆ ಅರಮನೆ ನೋಡಿ ಬಂದ ಮೇಲೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ತಿಂಗಳು ಆಫೀಸಿನವರೆಲ್ಲ ಸೇರಿ ಕೊಡಗಿನ ಕಕ್ಕಬೆಗೆ ಟ್ರಿಪ್ ಹೋಗಿದ್ವಿ. ಜಾಗ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಸುತ್ತ ಕಾಫಿ, ಏಲಕ್ಕಿ. ಮೇಲೆ ತಡಿಯಂಡಮೋಳ್ ಬೆಟ್ಟ, 1,748 ಮೀಟರ್, ಕೊಡಗಿಗೇ ಎತ್ತರದ್ದು. ಹುತ್ತರಿ ಹಬ್ಬಕ್ಕೆ ಕದಿರು ತೆಗೆಯೋ ಮುಹೂರ್ತ ನಿಗದಿಯಾಗೋ ಪಾಡಿ ಇಗ್ಗುತ್ತಪ್ಪನ ದೇವಸ್ಥಾನ ಇಲ್ಲೇ ಇರೋದು. ಒಂದು ಕಾಲಕ್ಕೆ ಜೇನಿಗೂ ಹೆಸರಾಗಿದ್ದ ಊರು. 1990ರ ದಶಕದ ಶುರುವಿನಲ್ಲಿ ರೋಗ ಬಂದು ಪೆಟ್ಟಿಗೆ ಜೇನೆಲ್ಲ ಹಾಳಾಯ್ತು. ಈಗ ತಿರುವಿಗೊಂದು ಹೋಂಸ್ಟೇ ಬೋರ್ಡು.

ಎಲ್ಲರ ಹಾಗೆ ನಾವೂ ನಾಲ್ಕುನಾಡು ಅರಮನೆಗೆ ಹೋದ್ವಿ. ಟಿಪ್ಪುವಿನ ಸೆರೆಯಿಂದ 1788ರ ಕೊನೆಗೆ ಪಿರಿಯಾಪಟ್ಟಣದಲ್ಲಿ ತಪ್ಪಿಸಿಕೊಂಡ ದೊಡ್ಡ ವೀರರಾಜೇಂದ್ರ, 1792ರಿಂದ 1794ರ ನಡುವೆ ಕಟ್ಟಿಸಿದ್ದು. ಮರದ ಕಂಬ, ಗೋಡೆ ತುಂಬ ಚಿತ್ರ, ಮುಂದೆ ಒಂದು ಮದುವೆ ಮಂಟಪ. 1834ರ ಏಪ್ರಿಲಿನಲ್ಲಿ ಇಂಗ್ಲಿಷರ ದಂಡು ಬಂದಾಗ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಅಡಗಿದ್ದೂ ಇಲ್ಲೇ. ಇಲ್ಲಿಂದಲೇ ಮಡಿಕೇರಿಗೆ ಹೋಗಿ ಶರಣಾದ. ಆಮೇಲೆ ಕಾಶಿಗೆ, ಅಲ್ಲಿಂದ ಮಗಳು ಗೌರಮ್ಮನ ಜೊತೆ ಲಂಡನ್ನಿಗೆ. ವಿಕ್ಟೋರಿಯಾ ರಾಣಿ ಆ ಹುಡುಗಿಗೆ ಗಾಡ್‌ಮದರ್. ರಾಜ 1859ರಲ್ಲಿ ಅಲ್ಲೇ ಸತ್ತ. ಮಗಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಇಷ್ಟೂ ಕಥೆ ಕೇಳಿದ್ಮೇಲೆ ನಮ್ಮ ಗುಂಪಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ನನ್ನ ತಲೇಲಿ ಕೂತ್ಬಿಡ್ತು. ಈ ರಾಜರ ಕಾಲದಲ್ಲಿ ಇಲ್ಲಿ ಗದ್ದೆ ಉತ್ತವರು ಯಾರು?

ಕೊಡಗಿನಲ್ಲಿ 'ಜಮ್ಮ' ಅಂತ ಒಂದು ಪದ ಇದೆ. 'ಜನ್ಮ' ಅನ್ನೋದರಿಂದ ಬಂದದ್ದು, ಅಂದ್ರೆ ಹುಟ್ಟು. ಜಮ್ಮಾ ಭೂಮಿ ಅಂದ್ರೆ ಹುಟ್ಟಿನಿಂದ ಬರೋ ಭೂಮಿ. ರಾಜನಿಗೆ ದಂಡಿನ ಚಾಕರಿ ಮಾಡಿದ್ದಕ್ಕೆ ಕೊಡವರಿಗೂ ಇನ್ನು ಕೆಲವು ಸಮುದಾಯಗಳಿಗೂ ಸಿಕ್ಕಿದ್ದು. ಕಂದಾಯವೂ ಅರ್ಧ. ಬೇರೆಯವರ ಸಾಗು ಗದ್ದೆಗೆ ನೂರು ಭಟ್ಟಿಗೆ 10 ರೂಪಾಯಿ ಆದರೆ ಜಮ್ಮಾಕ್ಕೆ 5. ಇದು ಎಲ್ಲರಿಗೂ ಗೊತ್ತು, ಇವತ್ತಿಗೂ ಇದರ ಬಗ್ಗೆ ಕೇಸು ನಡೀತವೆ.

ಗೊತ್ತಿಲ್ಲದ್ದು ಇನ್ನೊಂದು ಜಮ್ಮ. ಬ್ರಿಟಿಷ್ ಕಾಲದ ದಾಖಲೆಗಳಲ್ಲಿ ಕೊಡಗಿನ ಜೀತದವರನ್ನು ಎರಡು ಬಗೆ ಮಾಡಿ ಬರೆದಿದ್ದಾರೆ. 'ಭೂಮಿ ಜಮ್ಮದ ಆಳು': ಭೂಮಿಗೆ ಅಂಟಿದವರು, ಭೂಮಿ ಯಾರ ಕೈಗೆ ಹೋದ್ರೆ ಇವರೂ ಅವರ ಕೈಗೆ. 'ಒಕ್ಕಲು ಜಮ್ಮದ ಆಳು': ಮನೆತನದ ಆಸ್ತಿ, ಮಾರಬಹುದು, ಅಡವಿಡಬಹುದು. ದನ ಅಡವಿಟ್ಟ ಹಾಗೆ! ಇವರಲ್ಲಿ ಹೆಚ್ಚಿನವರು ನಮ್ಮವರು, ಹೊಲೆಯರು. ಕೊಡಗಿನಲ್ಲಿ ಪೊಲೆಯ ಅಂತಾರೆ. ಒಂದೇ ಪದ ನೋಡಿ. ಒಬ್ಬನಿಗೆ ಹುಟ್ಟಿನಿಂದ ಗದ್ದೆ, ಇನ್ನೊಬ್ಬನಿಗೆ ಹುಟ್ಟಿನಿಂದ ಆ ಗದ್ದೆಯ ಕೆಸರು. ಇದನ್ನ ಕೊಡವರ ಮೇಲಿನ ಸಿಟ್ಟಿಗೆ ಬರೀತಿಲ್ಲ. ನಮ್ಮ ಬಯಲುಸೀಮೆ ಗೌಡ, ಶಾನುಭೋಗರೇನೂ ಕಡಿಮೆ ಇರಲಿಲ್ಲ.

1843ರ ಕಾಯ್ದೆ ಬಂತು. ಗುಲಾಮಗಿರಿಯನ್ನು ಕೋರ್ಟು ಮಾನ್ಯ ಮಾಡಲ್ಲ ಅಂತು ಅಷ್ಟೇ, ಇಟ್ಟುಕೊಂಡವನಿಗೆ ಶಿಕ್ಷೆ ಇಲ್ಲ. ಅದು ಅಪರಾಧ ಅಂತಾಗಿದ್ದು 1860ರ ದಂಡಸಂಹಿತೆಯಲ್ಲಿ. ಜೀತ ಹೋಯ್ತು ಅಂದ್ರು, ಒಂದು ಸೆಂಟ್ ಭೂಮಿ ಬರಲಿಲ್ಲ. ಅಷ್ಟರಲ್ಲೇ, 1854ರಲ್ಲಿ ಫೌಲರ್ ಅನ್ನೋ ದೊರೆ ಮಡಿಕೇರಿಯಲ್ಲಿ ಕಾಫಿ ಎಸ್ಟೇಟ್ ಶುರು ಮಾಡಿದ್ದ. ಗದ್ದೆಯ ಆಳು ತೋಟದ ಆಳಾದ. ಮುಂಗಡ ಸಾಲ, ಲೈನ್ ಮನೆ. ಎಂ.ಎನ್. ಶ್ರೀನಿವಾಸ್ ಕೊಡಗಿನ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂತು. ಕೆಳಜಾತಿಯವರು ಮೇಲಿನವರ ಆಚಾರ ಹಿಡಿದು ಮೇಲೇರ್ತಾರೆ ಅನ್ನೋ 'ಸಂಸ್ಕೃತೀಕರಣ'ದ ಸಿದ್ಧಾಂತ ಹೆಸರಾಗಿದ್ದು ಅದರಿಂದಲೇ. ಅದೇ ಪುಸ್ತಕದಲ್ಲಿ ಪೊಲೆಯರು ತಲೆಮಾರಿನಿಂದ ತಲೆಮಾರಿಗೆ ಒಕ್ಕದ ಆಳುಗಳು. ಅವರು ಎಲ್ಲಿಗೆ ಏರಬೇಕಿತ್ತು ಸ್ವಾಮಿ?

ನಾನು ಗುಮಾಸ್ತ, ಸೆಕ್ಷನ್ ಹುಡುಕೋದು ಅಭ್ಯಾಸ. ಅರಸು ಕಾಲದಲ್ಲಿ 1974ರ ತಿದ್ದುಪಡಿ ಬಂದು ಉಳುವವನೇ ಒಡೆಯ ಅಂದಾಗ ನಮ್ಮ ಕಡೆ ಎಷ್ಟೋ ಗೇಣಿದಾರರು ಡಿಕ್ಲರೇಶನ್ ಹಾಕಿದ್ರು. ಆದರೆ ಭೂಸುಧಾರಣಾ ಕಾಯ್ದೆಯ 104ನೇ ಕಲಂ ತೆಗೆದು ನೋಡಿ. ಕಾಫಿ, ಏಲಕ್ಕಿ ಪ್ಲಾಂಟೇಶನ್‌ಗಳಿಗೆ ಭೂಮಿತಿ ಅನ್ವಯಿಸಲ್ಲ. ಅಲ್ಲದೆ ಕೂಲಿಯವನು ಗೇಣಿದಾರನೂ ಅಲ್ಲ. ಎರಡು ಕಡೆಯಿಂದಲೂ ಬಾಗಿಲು ಹಾಕಿತ್ತು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಐನೂರಕ್ಕೂ ಹೆಚ್ಚು ಗುಡಿಸಲು ಕೆಡವಿದಾಗ, ಲೈನ್ ಮನೆ ಬಿಟ್ಟು ಇಲ್ಲಿಗ್ಯಾಕೆ ಬಂದ್ರು ಅಂತ ಕೇಳಿದವರಿಗೆ ಈ ಕಲಂ ತೋರಿಸಬೇಕಿತ್ತು.

ನಾವು ಉಳಿದಿದ್ದ ಹೋಂಸ್ಟೇ ಹಿಂದೆ ಒಬ್ಬ ಅಜ್ಜಿ ಪಾತ್ರೆ ತೊಳೀತಿದ್ರು. ಸಂಜೆ ಹೋಗಿ ಮಾತಾಡಿಸಿದೆ. "ಯಾವೂರು ಮಗಾ, ನೀವು ಯಾವ ಜನ?" ಅಂದ್ರು. ಹೇಳಿದೆ. ಮುಖ ಸಡಿಲ ಆಯ್ತು.

"ಅಜ್ಜಿ, ಸ್ವಂತ ಜಾಗ ಏನಾದ್ರೂ ಇದ್ಯಾ?"

"ನಮ್ಗೆಲ್ಲಿ ಜಾಗ. ಮುದುಕ ಸತ್ತಾಗ ಹೂಳೋಕೇ ಸಾವ್ಕಾರ್ರನ್ನ ಕೇಳ್ಬೇಕಾಯ್ತು. ತೋಟದ ಮೂಲೇಲಿ ಕೊಟ್ರು, ಪಾಪ. ಆಮೇಲೆ ಅಲ್ಲೂ ಕಾಫಿ ಗಿಡ ಹಾಕಿದ್ರು."

ಹಣ್ಣು ಕುಯ್ಯೋ ಸಮಯದಲ್ಲಿ ಆ ಸಾಲಿಗೆ ತಾನು ಹೋಗಲ್ಲ, ಸೊಸೆ ಹೋಗ್ತಾಳೆ ಅಂದ್ರು.

ಗೆಳೆಯರೇ, ನಿಮ್ಮಲ್ಲಿ ಯಾರ ಅಜ್ಜ ಅಜ್ಜಿಯಾದರೂ ಆ ಕಡೆಯವರಾಗಿದ್ದರೆ ಈಗಲೇ ಕೂರಿಸಿಕೊಂಡು ಕೇಳಿ. ಯಾರ ಗದ್ದೆ, ವರ್ಷಕ್ಕೆ ಎಷ್ಟು ಭತ್ತ ಕೊಡ್ತಿದ್ರು, ಸತ್ತವರನ್ನು ಎಲ್ಲಿ ಹೂಳಿದ್ರು. ಬರೆದು ಕಮೆಂಟಿನಲ್ಲಿ ಹಾಕಿ, ಇಲ್ಲಾಂದ್ರೆ ನನಗೆ ಮೆಸೇಜ್ ಮಾಡಿ.